ಬಚ್ಚಲಿಗೆ ಗಾಜು ಕೂರಿಸಿದ್ದು

ನಮ್ಮ ಹಳೇ ಮನೇಲಿ ಬಚ್ಚಲು ಹಿತ್ತಲಲ್ಲಿತ್ತು. ಒಂದು ಚಪ್ಪಡಿ ಕಲ್ಲು, ಪಕ್ಕದಲ್ಲಿ ನೀರೊಲೆ, ಅದರ ಮೇಲೆ ತಾಮ್ರದ ಹಂಡೆ. ಮಿಂದ ನೀರು ನೇರವಾಗಿ ಬಾಳೆ ಬುಡಕ್ಕೆ ಹೋಗೋದು. ಚಪ್ಪಡಿ ಒರಟಾಗಿತ್ತು, ಅದರ ಮೇಲೆ ಯಾರೂ ಜಾರಿ ಬಿದ್ದಿದ್ದು ನಾನು ನೋಡಿಲ್ಲ. ಹೊಸ ಮನೆ ಕಟ್ಟಿದಾಗ ಸ್ನಾನ, ಕಕ್ಕಸು, ಕೈ ತೊಳೆಯೋ ತೊಟ್ಟಿ ಎಲ್ಲಾನೂ ಐದಡಿ ಅಗಲದ ಒಂದೇ ಕೋಣೇಲಿ ಬಂತು. ಕೆಳಗೆ ಮಿರಮಿರ ಮಿಂಚೋ ಟೈಲ್ಸು. ಒಬ್ಬರು ಸ್ನಾನ ಮಾಡಿದರೆ ಬಾಗಿಲ ತನಕ ನೀರು.

ಹೋದ ವರ್ಷ ಸಂಕ್ರಾಂತಿಗೆ ಎರಡು ದಿನ ಮುಂಚೆ ನಮ್ಮಾಕೆ ಅಲ್ಲೇ ಜಾರಿದಳು. ನೀರು ಸಿಡಿಯಬಾರದು ಅಂತ ನಾನೇ ಒಂದು ಪ್ಲಾಸ್ಟಿಕ್ ಪರದೆ ಕಟ್ಟಿದ್ದೆ. ಬೀಳುವಾಗ ಅದನ್ನು ಹಿಡಕೊಂಡಳು, ಪರದೆ ಕಂಬಿ ಸಮೇತ ಕಿತ್ತುಕೊಂಡು ಮೈಮೇಲೆ ಬಂತು. ಸೊಂಟದ ಮೂಳೆ ಮುರೀತು. ಹೊಸೂರಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, "ನೀರು ಬೀಳೋ ಜಾಗ ಬೇರೆ, ಓಡಾಡೋ ಜಾಗ ಬೇರೆ ಮಾಡ್ಕೊಳ್ಳಿ" ಅಂದರು.

ಮಗ ಹೊಸೂರಿನ ಕಾರ್ಖಾನೇಲಿ ಕೆಲಸಕ್ಕಿರೋನು. "ಅಪ್ಪಾ, ಗಾಜಿನ ಅಡ್ಡಗೋಡೆ ಹಾಕಿಸೋಣ" ಅಂದ. ನಾನು ಒಪ್ಪಲಿಲ್ಲ. ಕಾಲು ಜಾರೋ ಜಾಗದಲ್ಲಿ ಯಾರಾದರೂ ಗಾಜು ನಿಲ್ಲಿಸ್ತಾರಾ? ಅವನು ನನ್ನನ್ನು ಅಂಗಡಿಗೆ ಕರಕೊಂಡು ಹೋದ. ಅಲ್ಲಿಯವರು ಹೇಳಿದ್ದು ಕೇಳಿ ತಲೆ ತೂಗಿದೆ. ಇದು ಕಿಟಕಿ ಗಾಜಿನ ಜಾತಿಯದಲ್ಲ. ಮೊದಲು ಅಳತೆಗೆ ಕತ್ತರಿಸಿ, ತೂತು ಏನಿದ್ದರೂ ಆಗಲೇ ಕೊರೆದು, ಆಮೇಲೆ 600 ಡಿಗ್ರಿ ದಾಟಿ ಕಾಯಿಸಿ, ತಕ್ಷಣ ತಣ್ಣನೆ ಗಾಳಿ ಊದ್ತಾರಂತೆ. ಹೊರಮೈ ಮೊದಲು ಬಿಗಿದುಕೊಳ್ಳುತ್ತೆ, ಒಳಗಿನದು ನಿಧಾನವಾಗಿ ಆರಿ ಹೊರಮೈಯನ್ನು ಒಳಕ್ಕೆ ಎಳೆದು ಹಿಡಿಯುತ್ತೆ. ಆ ಎಳೆತವೇ ಅದಕ್ಕೆ ಬಲ. ಸಾದಾ ಗಾಜಿಗಿಂತ ನಾಲ್ಕರಷ್ಟು ಗಟ್ಟಿ, ಒಡೆದರೂ ಕತ್ತಿಯಂಥಾ ಚೂರಾಗದೆ ಕಾಳುಕಾಳಾಗಿ ಉದುರುತ್ತೆ. ಕಾಯಿಸಿದ ಮೇಲೆ ಮಾತ್ರ ಒಂದು ನೂಲೆಳೆಯಷ್ಟೂ ಕತ್ತರಿಸೋಕಾಗಲ್ಲ. ನಮ್ಮ ತಮಟೆಯೂ ಹಾಗೇ, ಬೆಂಕಿಗೆ ಹಿಡಿದು ಚರ್ಮ ಬಿಗಿಯಾದರೇನೆ ನಾದ.

ಅಳತೆಗೆ ಆಳು ಕಳಿಸ್ತೀವಿ, ಅದಕ್ಕೆ ಬೇರೆ ದುಡ್ಡು ಅಂದರು. ನನಗೆ ಅದು ದಂಡ ಅನ್ನಿಸ್ತು. ನಲವತ್ತು ವರ್ಷ ಹೊಲ ಅಳೆದವನು, ಐದಡಿ ಬಚ್ಚಲು ಅಳೆಯೋಕೆ ಇನ್ನೊಬ್ಬ ಬೇಕಾ? ಟೇಪು ಹಿಡಿದು ನೆಲದ ಹತ್ತಿರ ಒಂದು ಸಲ ಅಳೆದು ಬರೆದುಕೊಟ್ಟೆ. ಮೂರಡಿ ಅಗಲದ ನಿಂತ ಗಾಜು ಒಂದು, ಪಕ್ಕಕ್ಕೆ ಎರಡಡಿ ಗಾಜಿನ ಬಾಗಿಲು, ಎತ್ತರ ಆರೂವರೆ ಅಡಿ, ದಪ್ಪ 8 ಮಿಲಿಮೀಟರು.

ಕೂರಿಸೋಕೆ ಇಬ್ಬರು ಹುಡುಗರು ಬಂದರು. ಒಬ್ಬ ಅಂಚೆಟ್ಟಿ ಕಡೆಯವನು, ತಮಿಳು ಕನ್ನಡ ಎರಡೂ ಬೆರೆಸಿ ಮಾತಾಡ್ತಾ ಇದ್ದ. ನಿಂತ ಗಾಜು ಒಂದೇ 36 ಕಿಲೋ ತೂಗೋದು. ಅದನ್ನು ನಿಲ್ಲಿಸಿ ಬಾಗಿಲು ಹಿಡಿದು ನೋಡಿದರೆ ಕೆಳಗೆ ಸರಿ, ಮೇಲೆ ಎರಡು ಗಾಜೂ ಒಂದಕ್ಕೊಂದು ಒತ್ತುತ್ತಾ ಇವೆ. ಹುಡುಗ ರಸಮಟ್ಟ ಇಟ್ಟು ನೋಡಿದ. ಗೋಡೆ ಮೇಲಕ್ಕೆ ಹೋಗ್ತಾ ಮುಕ್ಕಾಲು ಇಂಚು ಒಳಗೆ ವಾಲಿತ್ತು.

"ಅಳತೆ ಯಾರು ಎಡ್ತಿದ್ದು ಅಯ್ಯಾ?" ಅಂದ.

ನಾನು ಮಾತಾಡಲಿಲ್ಲ. ಆ ಗೋಡೆ ಕಟ್ಟುವಾಗಲೇ ಮೇಸ್ತ್ರಿ ತೂಕದ ಗುಂಡು ಬಿಟ್ಟು, "ಸ್ವಲ್ಪ ವಾಲ್ತಾ ಇದೆ, ಎರಡು ವರಸೆ ಬಿಚ್ಚಿ ಕಟ್ಟೋಣ" ಅಂದಿದ್ದ. "ಬಚ್ಚಲು ತಾನೆ, ಸಾಕು ಬಿಡಪ್ಪಾ" ಅಂದವನು ನಾನೇ. ಈಗಲೂ ಬಾಯಿ ಬಿಡೋ ಬದಲು, "ಒಂಚೂರು ಗೋಡೆ ಕಡೆ ಒತ್ತಿ ನೋಡಪ್ಪಾ" ಅಂದೆ. ಅವನು ಒತ್ತಿದ. ಕೆಳಗಿನ ಮೂಲೆ ಟೈಲ್ಸಿಗೆ ಟಕ್ ಅಂತ ತಗುಲಿತು, ಅಷ್ಟೇ. ಎಂಥಾ ಗುದ್ದು ತಡೆಯೋ ಗಾಜಿಗೂ ಅಂಚು, ಮೂಲೆಯೇ ಪ್ರಾಣ. ಸಿಡಿಲು ಹೊಡೆದಂಗೆ ಸದ್ದಾಗಿ ಇಡೀ ಗಾಜು ಕಲ್ಲುಸಕ್ಕರೆ ಸುರಿದಂಗೆ ಸುರೀತು. ಹುಡುಗನ ಮುಂಗೈ ತುಂಬ ಸಣ್ಣ ಸಣ್ಣ ಗೀರು. ಪುಣ್ಯಕ್ಕೆ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಫೋನಲ್ಲಿ ಅವನ ಯಜಮಾನ ಕೂಗಿದ್ದು ನನಗೂ ಕೇಳಿಸ್ತು. ಗಾಜಿನ ದುಡ್ಡು ಅವನ ಕೂಲೀಲಿ ಹಿಡಕೊಳ್ತಾನಂತೆ. ಹುಡುಗ "ಸರಿ ಅಣ್ಣಾ, ಸರಿ ಅಣ್ಣಾ" ಅಂತಲೇ ಇದ್ದ. ನಾನೇ ಒತ್ತಿಸಿದ್ದು ಅಂತ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ನಾನು ಪೊರಕೆ ಹಿಡಿದು ಗಾಜು ಗುಡಿಸ್ತಾ ನಿಂತೆ. ಊರೂರು ತಿರುಗಿ ಧರ್ಮದ ಪದ ಹಾಡೋ ಬಾಯಿ, ಆವತ್ತು ಹೊಲಿದಂಗಾಗಿತ್ತು.

ರಾತ್ರಿ ಮುದ್ದೆ ಇಳಿಯಲಿಲ್ಲ. ನಮ್ಮಾಕೆ ಮಂಚದ ಮೇಲಿಂದಲೇ, "ಅಳತೆ ತಗೊಂಡಿದ್ದು ನೀವಲ್ವಾ?" ಅಂದಳು. ಬೇರೇನೂ ಅನ್ನಲಿಲ್ಲ.

ಬೆಳಗ್ಗೆ ಮೊದಲ ಬಸ್ಸಿಗೆ ಹೊಸೂರಿಗೆ ಹೋದೆ. ಯಜಮಾನನ ಹತ್ತಿರ ಗೋಡೆಯ ಕತೆ, ಅಳತೆಯ ಕತೆ, ಒತ್ತು ಅಂದಿದ್ದು ಎಲ್ಲಾ ಹೇಳಿದೆ. ಅವನು ನಕ್ಕುಬಿಟ್ಟ. ಬೈದಿದ್ದರೆ ವಾಸಿಯಾಗಿತ್ತು. ಒಂದು ಚೀಲ ರಾಗಿ ಮಾರಿದ ದುಡ್ಡು ಜೇಬಲ್ಲಿತ್ತು, ಹೊಸ ಗಾಜಿಗೆ ಕೊಟ್ಟೆ. ಹುಡುಗನ ಕೂಲಿ ಮುಟ್ಟಬಾರದು ಅಂತ ಅವನ ಎದುರಿಗೇ ಹೇಳಿಸಿಕೊಂಡು ಬಂದೆ.

ಎರಡನೇ ಸಲ ಆ ಹುಡುಗನೇ ಬಂದು ಅಳೆದ. ಕೆಳಗೆ, ನಡುವೆ, ಮೇಲೆ ಮೂರು ಕಡೆ. ಗೋಡೆ ವಾಲಿದಂಗೇ ಗಾಜಿನ ಒಂದು ಪಕ್ಕವನ್ನೂ ಓರೆಯಾಗಿ ಕತ್ತರಿಸಿ ಕಾಯಿಸಿಕೊಂಡು ತಂದರು. ಕೂರಿಸೋವಾಗ ನಾನು ದೂರ ನಿಂತು ನೋಡಿದೆ. ಟೈಲ್ಸನ್ನು ಬಡಿಯದೆ, ನೀರು ಹನಿಸ್ತಾ ನಿಧಾನವಾಗಿ ಕೊರೆದ. ತೂತಿನೊಳಗೆ ಅಂಟು ತುಂಬಿ ಅಲ್ಯೂಮಿನಿಯಂ ಕಾಲುವೆ ಪಟ್ಟಿ ತಿರುಪಿದ. ಗಾಜು ಟೈಲ್ಸಿಗೆ ಎಲ್ಲೂ ತಾಗದಂಗೆ ಅಡಿಗೆ ರಬ್ಬರು ತುಂಡು ಇಟ್ಟ. ಕೊನೆಗೆ ಸಂದಿಗೆಲ್ಲ ಹುಳಿ ವಾಸನೆಯ ಸಿಲಿಕಾನ್ ಅಂಟು ಎಳೆದು, ಎರಡು ದಿನ ನೀರು ಮುಟ್ಟಿಸಬೇಡಿ ಅಂದ. ಹೋಗುವಾಗ ಗೋಡೆಗೆ ಒಂದು ಸ್ಟೀಲಿನ ಹಿಡಿ ಬಿಗಿದು, "ಅಮ್ಮಾ, ಇದನ್ನ ಹಿಡೀರಿ, ಗಾಜನ್ನಲ್ಲ" ಅಂತ ನಮ್ಮಾಕೆಗೆ ಎರಡು ಸಲ ತೋರಿಸಿದ. ಆ ಹಿಡಿ ಮೊದಲೇ ಇದ್ದಿದ್ದರೆ ಅವಳ ಸೊಂಟ ಉಳೀತಿತ್ತೋ ಏನೋ. ಗಾಜು ಹಾಕಿಸದೆ ಇದ್ದರೂ ವಯಸ್ಸಾದವರಿರೋ ಮನೇಲಿ ಅದೊಂದನ್ನು ಹಾಕಿಸಿ.

ನಮ್ಮ ಕಡೆ ಬೋರಿನ ನೀರು ಗಡಸು. ಫ್ಲೋರೈಡಿನ ಕಾಟಕ್ಕೇ ತಾನೆ 2013ರಲ್ಲಿ ಕೃಷ್ಣಗಿರಿ, ಧರ್ಮಪುರಿ ಎರಡು ಜಿಲ್ಲೆಗೂ ಹೊಗೇನಕಲ್ಲಿನ ಕಾವೇರಿ ನೀರು ತಂದಿದ್ದು. ಆ ನೀರು ನಮ್ಮಲ್ಲಿ ಕುಡಿಯೋಕೆ, ಸ್ನಾನಕ್ಕೆ ಬೋರೇ. ಹದಿನೈದು ದಿನಕ್ಕೇ ಗಾಜಿನ ಮೇಲೆ ಸುಣ್ಣದ ಚುಕ್ಕಿ ಕೂತವು. ಸೋಪುಪುಡಿಗೆ ಹೋಗಲಿಲ್ಲ. ನಮ್ಮಾಕೆ ಹಂಡೆ ಬೆಳಗೋ ಹುಣಸೆಹಣ್ಣಿನ ರಸ ಬಟ್ಟೇಲಿ ಅದ್ದಿ ಹಚ್ಚು ಅಂದಳು, ಹೋಯ್ತು. ಹುಳಿಗೆ ಸುಣ್ಣ ಕರಗುತ್ತೆ. ಈಗ ಮಿಂದ ಮೇಲೆ ರಬ್ಬರು ಪಟ್ಟಿಯಿಂದ ಗಾಜಿನ ನೀರು ಎಳೆಯೋದು ನನ್ನ ಪಾಲಿನ ಕೆಲಸ.

ಮೊದಲ ದಿನ ಅವಳು ಕುರ್ಚಿ ಹಾಕಿಕೊಂಡು ಒಳಗೆ ಕೂತಾಗ ಬಿದ್ದಾಳೇನೋ ಅಂತ ನಾನು ಬಾಗಿಲಲ್ಲೇ ನಿಂತಿದ್ದೆ. "ಎಲ್ಲಾ ಕಾಣುತ್ತೆ, ಆಚೆ ಹೋಗ್ರೀ" ಅಂತ ಗದರಿದಳು. ಮಾರನೇ ದಿನವೇ ಮಗನ ಕೈಲಿ ಮಂಜು ಬಣ್ಣದ ಕಾಗದ ತರಿಸಿ ಅರ್ಧದವರೆಗೆ ಅಂಟಿಸಿಕೊಂಡಳು.

ಆ ಹುಡುಗ ಬೇಟರಾಯಸ್ವಾಮಿ ತೇರಿನಲ್ಲಿ ಮತ್ತೆ ಸಿಕ್ಕಿದ. ನಮ್ಮ ಬೀದೀಲೇ ಇನ್ನೊಂದು ಮನೆಗೆ ಗಾಜು ಕೂರಿಸೋ ಕೆಲಸ ಸಿಕ್ಕಿದೆಯಂತೆ. "ಅಯ್ಯಾ, ಅಳತೆಗೆ ನಾನೇ ಬರ್ತೀನಿ, ನೀವು ಟೇಪು ಎತ್ತಬೇಡಿ" ಅಂದ.