ದಿನಕ್ಕೊಂದು ತಾಸು ಅಳು

ಸದಾ ಸಂತೋಷವಾಗಿರುವುದೇ ದೊಡ್ಡ ಧರ್ಮಾಚರಣೆ ಎಂದು ಬೋಧಿಸಿದವನು ಯಹೂದಿಗಳ ಹಸೀದಿ ಪಂಥದ ಗುರು, ಬ್ರೆಸ್ಲೊವ್‌ನ ರಬ್ಬಿ ನಹ್ಮಾನ್ (1772–1810). ಬಾಯಲ್ಲಿ ಹೇಳೋದು ಸುಲಭ ಅಂತೀರಾ? ಆತ ಎಳೆಯ ಮಗನನ್ನು ಕಳಕೊಂಡಿದ್ದ. ಹೆಂಡತಿ ಕ್ಷಯಕ್ಕೆ ತೀರಿಕೊಂಡಳು. ಅದೇ ರೋಗಕ್ಕೆ 38ರಲ್ಲೇ ಆತನೂ ಹೋದ. ಮನಸ್ಸು ಕುಸಿಯುವುದೆಂದರೇನು ಎಂದು ಚೆನ್ನಾಗಿ ಬಲ್ಲವನು.

ಅದಕ್ಕೇ ಇರಬೇಕು, ಅಳಬೇಡಿ ಅನ್ನಲಿಲ್ಲ. ದಿನಕ್ಕೊಂದು ತಾಸು ಒಬ್ಬರೇ ಕೂತು, ನಿಮ್ಮ ಮನೆಮಾತಲ್ಲೇ, ದೇವರೆದುರು ಎದೆ ಬಿಚ್ಚಿ ಎಲ್ಲ ತೋಡಿಕೊಳ್ಳಿ. ಮಿಕ್ಕ ಹೊತ್ತೆಲ್ಲ ನಗುನಗುತ್ತಾ ಇರಿ ಎಂದ. ನಗು ಬಾರದಿದ್ದರೆ? ಕೋಡಂಗಿಯಾಟವನ್ನಾದರೂ ಆಡಿ! (ಈ ಮಾತು ನನಗೆ ಬಹಳ ಹಿಡಿಸಿತು.)

ಉಕ್ರೇನಿನ ಉಮಾನ್‌ನಲ್ಲಿ ಆತನ ಸಮಾಧಿಯಿದೆ. ಯಹೂದಿ ಹೊಸವರ್ಷಕ್ಕೆ ಸಾವಿರಾರು ಜನ ಅಲ್ಲಿಗೆ ಹೋಗುತ್ತಾರೆ. ಕುಣಿಯುತ್ತಾರೆ. ಅಳುತ್ತಾರೆ ಕೂಡ.