ಕರಿಮರಳಿನ ಹೊನ್ನು

ನನ್ನ ಓದಿನ ಸಲುವಾಗಿ ಅಮ್ಮನ ಎರಡು ಬಳೆಗಳು ಒತ್ತೆ ಹೋಗಿದ್ದ ವರ್ಷವದು. ಅಲಾಸ್ಕದ ನೋಮ್ ಎಂಬಲ್ಲಿ 1899ರಲ್ಲಿ ಜನರು ಕಡಲತೀರದ ಮರಳನ್ನೇ ತೊಳೆದು ಹೊನ್ನು ತೆಗೆದರೆಂದು ಓದಿದ್ದೆನು. ಮಳೆಗಾಲ ಕಳೆದ ಮೇಲೆ ನಮ್ಮೂರ ತೀರದಲ್ಲಿ ಮೂಡಿದ ಕರಿಮರಳಿನ ಪಟ್ಟೆಯನ್ನು ಕಂಡು ನನಗೆ ನಿದ್ರೆ ಬಾರದಾಯಿತು.

ತೆರೆಗಳು ಹಗುರವಾದ ಬಿಳಿಮರಳನ್ನು ಸೆಳೆದೊಯ್ದು, ಭಾರವಾದ ಅದಿರಿನ ಕಣಗಳನ್ನು ಉಳಿಸುವುದರಿಂದ ಆ ಪಟ್ಟೆಯುಂಟಾಗುವುದು. ನೀರಿಗಿಂತ 19 ಪಟ್ಟು ಭಾರವಾದ ಹೊನ್ನು, ಇದ್ದರೆ, ಅಲ್ಲಿಯೇ ಇರತಕ್ಕದ್ದು. ಒಂದು ಹರಿವಾಣದಷ್ಟು ಮರಳನ್ನು ತೊಳೆದೆನು. ತಳದಲ್ಲಿ ಮಿನುಗು ಕಂಡಿತು. ಯಾರಿಗೂ ಹೇಳದೆ ನೆರೆಯ ಅಕ್ಕಸಾಲಿಗಳ ಬಳಿಗೆ ಓಡಿದೆನು.

ಆ ವೃದ್ಧರು ಕರಿಕಣಗಳಲ್ಲಿ ಬಹಳಷ್ಟನ್ನು ಸೂಜಿಗಲ್ಲಿನಿಂದ ಎತ್ತಿ ತೆಗೆದರು. ಉಳಿದುದನ್ನು ನೆರಳಿಗೆ ಹಿಡಿದರು, ಮಿನುಗು ಮಾಯವಾಯಿತು. ಸೂಜಿಯ ಮೊನೆಯಿಂದ ಒತ್ತಿದರು. ಪದರು ಪದರಾಗಿ ಪುಡಿಯಾಯಿತು.

“ಹೊನ್ನು ಒತ್ತಿದರೆ ಹರಡುತ್ತದೆ, ಒಡೆಯುವುದಿಲ್ಲ, ನೆರಳಿನಲ್ಲಿಯೂ ಬಣ್ಣ ಬಿಡುವುದಿಲ್ಲ. ಇದು ಕಾಗೆಬಂಗಾರ, ಮಗು. ಇನ್ನೂ ನಿಧಾನವಾಗಿ ತೊಳೆದಿದ್ದರೆ ನೀರೇ ಇದನ್ನು ತೇಲಿಸಿಕೊಂಡು ಹೋಗುತ್ತಿತ್ತು” ಎಂದರು.

ಸಂಗತಿ ಅಮ್ಮನಿಗೂ ತಿಳಿಯಿತು. ಆಕೆ ನಗಲಿಲ್ಲ. ನನ್ನ ಒದ್ದೆಯಂಗಿಯನ್ನು ಹಿಂಡಿ ಹರವುತ್ತ, “ಬಳೆಗಳು ನನ್ನವು, ಅವುಗಳ ಚಿಂತೆಯೂ ನನಗೇ ಇರಲಿ. ನಾಳೆ ಶಾಲೆಗೆ ತಡಮಾಡಬೇಡ” ಎಂದಳು.

ಆರು ವರ್ಷಗಳ ತರುವಾಯ ನನ್ನ ಸಂಬಳದಿಂದ ಬಳೆಗಳನ್ನು ಬಿಡಿಸಿ ತಂದು ಅಮ್ಮನ ಕೈಗೆ ತೊಡಿಸಿದೆನು. ಅಷ್ಟರಲ್ಲಿ ಆ ಕೈಗಳು ಬಡವಾಗಿದ್ದವು. ಬಳೆಗಳು ಮೊಣಕೈವರೆಗೂ ಜಾರಿದವು.