ಕಳಮೇಶ್ವರದಿಂದ ಹಡಗು ಹತ್ತುವುದು

ಹಡಗಿನ ಪ್ರವಾಸಕ್ಕೆ ಹೊರಟಿದ್ದೇವೆ ಎಂದರೆ ಕಳಮೇಶ್ವರದಲ್ಲಿ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ನಾಗಪುರದಿಂದ ಕಾಟೋಲ್ ರಸ್ತೆಯಲ್ಲಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಊರು ಇದು. ಕಿತ್ತಳೆ ತೋಟ, ಹತ್ತಿ ಹೊಲ, ಎಂಐಡಿಸಿಯ ಉಕ್ಕಿನ ಹಾಳೆಯ ಕಾರ್ಖಾನೆ, ಸ್ವಲ್ಪ ಆಚೆ ಧಾಪೇವಾಡದ ವಿಠ್ಠಲ. ದೇಶದ ನಡುಮಧ್ಯ. ಯಾವ ಸಮುದ್ರಕ್ಕೂ ಹತ್ತಿರವಲ್ಲ. ಮುಂಬಯಿ ರೈಲಿನಲ್ಲಿ 800 ಕಿಲೋಮೀಟರಿಗೂ ಆಚೆ. ಆದರೂ ಹೋದ ಡಿಸೆಂಬರಿನಲ್ಲಿ ನಮ್ಮ ಮನೆಯ ಹತ್ತು ಜನ ಮುಂಬಯಿಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿ ಬಂದೆವು. ಈಗ ವಾರಕ್ಕೊಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ: ಎಷ್ಟು ಖರ್ಚಾಯಿತು, ವಯಸ್ಸಾದವರಿಗೆ ಆದೀತೆ, ಪಾಸ್‌ಪೋರ್ಟ್ ಬೇಕೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಪ್ರಸ್ತಾಪ ತಂದವಳು ಅಮೆರಿಕದ ಡಲ್ಲಾಸಿನಲ್ಲಿರುವ ತಂಗಿ. ಮೂರು ವರ್ಷದ ಮೇಲೆ ಮಗಳ ಜೊತೆ ಬರುವವಳಿದ್ದಳು. ‘ಈ ಸಲ ನೆಂಟರ ಮನೆ ಸುತ್ತೋದು ಬೇಡ ಅಣ್ಣ, ಎಲ್ಲರೂ ಒಂದೇ ಕಡೆ ನಾಲ್ಕು ದಿನ ಇರೋಣ, ಖರ್ಚು ಪೂರ್ತಿ ನನ್ನದು’ ಅಂದಳು. ನಾನು ಮತ್ತು ನನ್ನ ಹೆಂಡತಿ ಕೂಡಲೇ ಹೂಂ ಅಂದೆವು. ತಮ್ಮ ಹುಬ್ಬಳ್ಳಿಯಲ್ಲಿ ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಐದು ದಿನ ಏನೂ ಬರೆಯಲಿಲ್ಲ. ಆರನೆಯ ದಿನ ನನಗೊಬ್ಬನಿಗೇ ಫೋನ್ ಮಾಡಿದ. ‘ನೀವು ಹೋಗಿ ಬರ್ರಿ ಅಣ್ಣ. ನನ್ನ ಹುಡುಗರಿಗೆ ಪರೀಕ್ಷೆ ಐತಿ.’ ಡಿಸೆಂಬರಿನಲ್ಲಿ ಎಂಥ ಪರೀಕ್ಷೆ ಎಂದು ನಾನು ಕೇಳಲಿಲ್ಲ.

ಹಡಗಿನ ಪ್ರವಾಸ ಯೋಚಿಸುತ್ತಿರುವ ಕೂಡುಕುಟುಂಬಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಹಡಗಿನ ಚಿತ್ರ ನೋಡುವ ಮೊದಲು ದುಡ್ಡಿನ ಮಾತು ಮುಗಿಸಿ. ಸೋದರತ್ತೆಯೊಬ್ಬಳು ಎಲ್ಲರ ಟಿಕೆಟ್ ತೆಗೆದಳು ಎಂದರೆ ಮಕ್ಕಳಿಗೆ ಖುಷಿ. ಆದರೆ ಅವರ ಅಪ್ಪ ನಾಲ್ಕು ದಿನ ತಂಗಿಯ ಅತಿಥಿಯಾಗಿ ಊಟದ ತಟ್ಟೆ ಹಿಡಿದು ನಿಲ್ಲಬೇಕು. ಸಮಪಾಲು ಎಂದರೂ ಕಷ್ಟ, ಡಾಲರಿನವಳಿಗೂ ಅಂಗಡಿಯವನಿಗೂ ಸಮಪಾಲು ಒಂದೇ ತೂಕವಲ್ಲ. ನನ್ನ ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ಖರ್ಚನ್ನು ಬಿಡಿಸಿ ಬರೆದಳು: ಊರಿನಿಂದ ಮುಂಬಯಿಗೆ, ಒಂದು ರಾತ್ರಿ ಅಲ್ಲಿ ವಾಸ್ತವ್ಯ, ಹಡಗು, ಹಡಗಿನೊಳಗಿನ ಮೇಲುಖರ್ಚು, ಇಳಿದ ಮೇಲೆ. ಆಗ ಹೊಳೆದದ್ದು, ಹೋಗಿ ಮತ್ತೆ ಮುಂಬಯಿಗೇ ಬರುವ ಬದಲು ಗೋವಾದಲ್ಲಿ ಇಳಿಯುವ ಟಿಕೆಟ್ ತೆಗೆದರೆ ಎರಡನೆಯ ಅರ್ಧ ಪೂರ್ತಿ ನೆಲದ ಮೇಲೆ, ಹುಬ್ಬಳ್ಳಿಯ ಕಡೆಗೆ. ಅದು ತಮ್ಮನ ಜವಾಬ್ದಾರಿ. ಹಡಗಿನಲ್ಲಿ ಅವರವರ ಕೋಣೆ ಅವರವರ ಖರ್ಚು, ಆಯಿಯದು ತಂಗಿಯದು. ತಮ್ಮನಿಗೆ ಹೇಳಿದೆ, ‘ವಾಸ್ಕೋದಿಂದ ಮುಂದೆ ನಾವೆಲ್ಲ ನಿನ್ನ ಪಾಲಿಗೆ.’ ಪರೀಕ್ಷೆಯ ಮಾತು ಮತ್ತೆ ಬರಲಿಲ್ಲ.

ಕೋಣೆಗಳ ವಿಷಯ. ಹಡಗಿನಲ್ಲಿ ಸ್ಥೂಲವಾಗಿ ಮೂರು ದರ್ಜೆ: ಕಿಟಕಿಯೇ ಇಲ್ಲದ ಒಳಗಿನ ಕೋಣೆ, ಸಮುದ್ರ ಕಾಣುವ ಕಿಟಕಿಯ ಕೋಣೆ, ಬಾಲ್ಕನಿ ಇರುವ ಕೋಣೆ. ಬೆಲೆ ಹೀಗೆ ಏರುತ್ತ ಹೋಗುತ್ತದೆ. ಆದರೆ ಊಟದ ಸಾಲು, ಈಜುಕೊಳ, ನಾಟಕದ ಸಭಾಂಗಣ ಎಲ್ಲರಿಗೂ ಒಂದೇ. ಬಾಗಿಲ ಹೊರಗೆ ಬಂದ ಮೇಲೆ ಯಾರು ಎಷ್ಟು ಕೊಟ್ಟರೆಂದು ಯಾರಿಗೂ ತಿಳಿಯುವುದಿಲ್ಲ. ಬಾಲ್ಕನಿಗೆ ಸುರಿಯುವ ದುಡ್ಡು ಒಂದೆರಡು ರಾತ್ರಿಯ ಯಾನದಲ್ಲಿ ದಂಡ ಎಂದೇ ನನ್ನ ಅಭಿಪ್ರಾಯ. ಹಗಲೆಲ್ಲ ಯಾರೂ ಕೋಣೆಯಲ್ಲಿ ಇರುವುದಿಲ್ಲ. ನಾವೂ ತಮ್ಮನೂ ಒಳಗಿನ ಕೋಣೆ ತೆಗೆದುಕೊಂಡೆವು. ಆಯಿಗೆ ಮಾತ್ರ ಕಿಟಕಿ ಬೇಕು ಎಂದು ಹಟ ಹಿಡಿದೆ. ಒಳಗಿನ ಕೋಣೆಯಲ್ಲಿ ದೀಪ ಆರಿಸಿದರೆ ಮಧ್ಯಾಹ್ನವೂ ಮಧ್ಯರಾತ್ರಿಯೇ. ಎಪ್ಪತ್ತು ದಾಟಿದವರು ಅಂಥ ಕತ್ತಲಲ್ಲಿ ಎದ್ದರೆ ದಿಕ್ಕು ತಪ್ಪುತ್ತಾರೆ. ಬಚ್ಚಲಿನ ಬಾಗಿಲಿಗೆ ಎತ್ತರದ ಹೊಸ್ತಿಲು ಬೇರೆ ಇರುತ್ತದೆ, ಎಡವಿದರೆ ಸೊಂಟಕ್ಕೇ ಪೆಟ್ಟು. ಪ್ಲಗ್ಗಿಗೆ ಸಿಕ್ಕಿಸುವ ಒಂದು ಸಣ್ಣ ರಾತ್ರಿದೀಪ ಒಯ್ಯಿರಿ. ಮೂರನೆಯ, ನಾಲ್ಕನೆಯ ಹಾಸಿಗೆ ರೈಲಿನ ಮೇಲಿನ ಬರ್ತಿನ ಹಾಗೆ ಗೋಡೆಯಿಂದಲೋ ಛಾವಣಿಯಿಂದಲೋ ಇಳಿಯುತ್ತದೆ, ಅದು ಮಕ್ಕಳಿಗೆ. ತೊಯ್ದಾಟ ಕಡಿಮೆ ಇರಬೇಕೆಂದರೆ ಕೆಳಗಿನ ಅಂತಸ್ತು, ಹಡಗಿನ ಉದ್ದದ ನಡುಭಾಗ ಕೇಳಿ. ತೊಟ್ಟಿಲಿನ ತುದಿಗಿಂತ ನಡು ಕಡಿಮೆ ಆಡುತ್ತದಲ್ಲ, ಹಾಗೆ.

ಇನ್ನು ಆಯಿ. ಅವಳಿಗೆ 76, ಸಕ್ಕರೆ ಕಾಯಿಲೆ, ಎಡಮೊಣಕಾಲು ಸರಿಯಿಲ್ಲ. ಹುಟ್ಟೂರು ಅಂಕೋಲೆ. (ನಾವು ‘ಆಯಿ’ ಎಂದು ಕರೆಯುವುದು ಕೇಳಿ ಕಳಮೇಶ್ವರದ ನೆರೆಯವರು ಇವರು ಮರಾಠಿಯವರೇ ಎಂದುಕೊಂಡು ಬಹಳ ದಿನ ಪ್ರೀತಿ ತೋರಿಸಿದ್ದರು. ಗೊತ್ತಾದ ಮೇಲೂ ತೋರಿಸುತ್ತಾರೆ.) ಅವಳು ಹಡಗು ಹೊಸದಾಗಿ ನೋಡುವವಳಲ್ಲ. ಆರೇಳು ವರ್ಷದವಳಿದ್ದಾಗ ಕಾರವಾರದಿಂದ ಮುಂಬಯಿಗೆ ಆಗಬೋಟಿನಲ್ಲಿ ಹೋಗಿದ್ದಳು. ಕೊಂಕಣ ರೈಲು ಬರುವುದಕ್ಕೆ ಎಷ್ಟೋ ದಶಕ ಮೊದಲಿನ ಮಾತು. ಕರಾವಳಿಯವರಿಗೆ ಆಗ ಮುಂಬಯಿಯ ದಾರಿ ಎಂದರೆ ಸಮುದ್ರವೇ. ಆಗಬೋಟು ದೂರದಲ್ಲಿ ಲಂಗರು ಹಾಕುತ್ತಿತ್ತು, ದೋಣಿಯಲ್ಲಿ ಅಲ್ಲಿತನಕ ಹೋಗಿ ಓಲಾಡುವ ಏಣಿ ಹತ್ತಬೇಕು. ಅವಳ ನೆನಪಿನಲ್ಲಿ ಉಳಿದಿರುವುದು ಆ ಏಣಿ, ಡೆಕ್ಕಿನ ಮೇಲೆ ಹಾಸಿದ ಚಾಪೆ, ರಾತ್ರಿಯಿಡೀ ವಾಂತಿ. ಜೊತೆಗೆ ‘ರಾಮದಾಸ’ನ ಸುದ್ದಿ. 1947ರ ಜುಲೈ 17ರಂದು ಮುಂಬಯಿಯ ಭಾವುಚಾ ಧಕ್ಕಾದಿಂದ ರೇವಸಕ್ಕೆ ಹೊರಟ ರಾಮದಾಸ ಎಂಬ ಆಗಬೋಟು ಮಳೆಗಾಳಿಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅವಳು ಹುಟ್ಟುವುದಕ್ಕೂ ಮುಂಚಿನ ಸಂಗತಿ. ಆದರೆ ಕರಾವಳಿಯ ಮನೆಗಳಲ್ಲಿ ಆಮೇಲೂ ವರ್ಷಗಟ್ಟಲೆ ಮುಂಬಯಿಗೆ ಹೊರಡುವವರ ಮುಂದೆ ಯಾರಾದರೊಬ್ಬರು ಆ ಹೆಸರು ಎತ್ತುತ್ತಿದ್ದರಂತೆ.

‘ದೋಣಿಯಿಂದ ಏಣಿ ಹತ್ತೂದಿದ್ರೆ ನಾ ಬರೂದಿಲ್ಲ’ ಅಂದಳು. ಈ ಒಂದು ಮಾತೇ ನಮ್ಮ ಮಾರ್ಗ ನಿರ್ಧರಿಸಿತು. ತಂಗಿಯ ಆಸೆ ಲಕ್ಷದ್ವೀಪವಾಗಿತ್ತು. ಅಲ್ಲಿ ದೊಡ್ಡ ಹಡಗು ದ್ವೀಪದಿಂದ ದೂರ ನಿಂತು ಜನರನ್ನು ಸಣ್ಣ ದೋಣಿಗೆ ಇಳಿಸುತ್ತದೆ; ಅಲೆ ಎದ್ದಾಗ ದೋಣಿ ಮೇಲೇಳುವ ಕ್ಷಣ ನೋಡಿ ಕಾಲಿಡಬೇಕು. ಮೊಣಕಾಲು ಗಟ್ಟಿಯಿದ್ದವರಿಗೆ ಅದೇ ಮೋಜು. ಮುಂಬಯಿಯ ಬ್ಯಾಲಾರ್ಡ್ ಪಿಯರ್ ಮತ್ತು ಗೋವಾದ ಮುರಗಾಂವ್ ಬಂದರುಗಳಲ್ಲಿ ಹಡಗು ಧಕ್ಕೆಗೇ ತಾಗಿ ನಿಲ್ಲುತ್ತದೆ, ಅಡ್ಡಸೇತುವೆಯ ಮೇಲೆ ನಡೆದು ಹೋಗಬಹುದು, ಗಾಲಿಕುರ್ಚಿಯೂ ಹೋಗುತ್ತದೆ. ಗಾಲಿಕುರ್ಚಿ ಬೇಕೆಂದು ಬುಕಿಂಗ್ ಮಾಡುವಾಗಲೇ ಬರೆಸಿ. ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಕಾಲಿಗೆ ಹೊಂದುವ ಬಂದರು ಆರಿಸಿ, ಉಳಿದವರು ಹೊಂದಿಕೊಳ್ಳುತ್ತಾರೆ.

ಆದರೂ ವಾಂತಿಯ ಹೆದರಿಕೆ ಉಳಿದಿತ್ತು. ಅದಕ್ಕೆ ನಾವು ಮಾಡಿದ್ದು ಒಂದು ಪರೀಕ್ಷೆ. ಮುಂಬಯಿಗೆ ಒಂದು ದಿನ ಮೊದಲೇ ಹೋಗಿ, ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ಹೋಗುವ ರೋ-ರೋ ಫೆರಿ ಹತ್ತಿದೆವು. 2020ರಲ್ಲಿ ಶುರುವಾದದ್ದು, ಸುಮಾರು ಒಂದು ತಾಸಿನ ದಾರಿ, ಕಾರುಗಳೂ ಒಳಗೆ ಬರುತ್ತವೆ, ಏಣಿ ಇಲ್ಲ. ಯಾರಿಗೆ ಹೊಟ್ಟೆ ತೊಳೆಸುತ್ತದೆ ಎಂಬುದು ಆ ಒಂದು ತಾಸಿನಲ್ಲಿ ಗೊತ್ತಾಗುತ್ತದೆ. ಅರ್ಧ ದಾರಿಯಲ್ಲಿ ಆಯಿ ನೀರನ್ನೇ ನೋಡುತ್ತ, ‘ಇದು ರೇವಸದ ದಾರಿ ಅಲ್ವೇನೋ?’ ಎಂದು ಕೇಳಿದಳು. ಹೌದು, ಮಾಂಡವಾ ಮತ್ತು ರೇವಸ ಅಕ್ಕಪಕ್ಕ. ಹೌದು ಎಂದೆ. ಸ್ವಲ್ಪ ಹೊತ್ತು ಕೈಮುಗಿದು ಕೂತಳು, ಆಮೇಲೆ ಮೊಮ್ಮಗಳ ಕೈಯಿಂದ ಶೇಂಗಾ ಇಸಿದುಕೊಂಡು ತಿಂದಳು. ಹೊಟ್ಟೆ ಕೆಟ್ಟದ್ದು ಅವಳದ್ದಲ್ಲ, ನನ್ನ ಮಗನದ್ದು.

ಹಾಗಾಗಿ ಮದ್ದಿನ ಮಾತು. ಅವೊಮಿನ್‌ನಂಥ ಮಾತ್ರೆಯನ್ನು ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಹೆಚ್ಚು ಉಪಯೋಗವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಅದು ಮಂಪರು ತರುತ್ತದೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಆಗಿಬರುವುದಿಲ್ಲ, ನಿಮ್ಮ ವೈದ್ಯರನ್ನು ಕೇಳಿಯೇ ಕೊಡಿ. ಖಾಲಿ ಹೊಟ್ಟೆಯಲ್ಲಿರಬೇಡಿ, ಮೊಬೈಲ್ ನೋಡಬೇಡಿ, ಹೊರಗೆ ನಿಂತು ಬಾನಂಚು ನೋಡಿ. ಎಲ್ಲಕ್ಕಿಂತ ದೊಡ್ಡ ಮದ್ದು ಋತು: ಅರಬ್ಬೀ ಸಮುದ್ರ ಜೂನಿನಿಂದ ಸೆಪ್ಟೆಂಬರಿನ ತನಕ ಒರಟು, ನವೆಂಬರಿನಿಂದ ಫೆಬ್ರವರಿ ಶಾಂತ. ಮುಂಬಯಿಯಿಂದ ಓಡುವ ಕಾರ್ಡೇಲಿಯಾ ಹಡಗು ಕೂಡ 2023ರಲ್ಲಿ ಮಳೆಗಾಲಕ್ಕೆ ಚೆನ್ನೈಗೆ ಹೋಗಿ ಅಲ್ಲಿಂದ ಶ್ರೀಲಂಕಾಕ್ಕೆ ಯಾನ ಮಾಡಿತ್ತು.

ಇನ್ಸುಲಿನ್ ಇರುವವರು ಗಮನಿಸಿ. ಬಂದರಿನಲ್ಲಿ ದೊಡ್ಡ ಸಾಮಾನನ್ನು ತೆಗೆದುಕೊಂಡು ಬಿಡುತ್ತಾರೆ, ಅದು ಕೋಣೆಯ ಬಾಗಿಲಿಗೆ ಬರುವುದು ಗಂಟೆಗಳ ಮೇಲೆ. ಔಷಧ, ಸೂಜಿ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ. ಬಳಕೆಯಲ್ಲಿರುವ ಇನ್ಸುಲಿನ್ ಎ.ಸಿ. ಕೋಣೆಯ ತಂಪಿನಲ್ಲಿ ಕೆಡುವುದಿಲ್ಲ. ಹೊಸ ಸೀಸೆಗೆ ಫ್ರಿಜ್ ಬೇಕು, ಇದೆಯೇ ಎಂದು ಮೊದಲೇ ಕೇಳಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅದು ಆಸ್ಪತ್ರೆಯಲ್ಲ, ಪುಕ್ಕಟೆಯೂ ಅಲ್ಲ.

ದೇಶದೊಳಗಿನ ಯಾನಕ್ಕೆ ನಮ್ಮವರಿಗೆ ಪಾಸ್‌ಪೋರ್ಟ್ ಬೇಡ, ಸರಕಾರಿ ಗುರುತಿನ ಚೀಟಿ ಸಾಕು. ತೊಡಕಿರುವುದು ಹೆಸರಿನಲ್ಲಿ. ಆಯಿಗೆ ತವರಿನ ಹೆಸರೊಂದು, ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ಇಟ್ಟ ಹೆಸರೊಂದು. ಮನೆಯಲ್ಲಿ ಎಲ್ಲರ ಬಾಯಲ್ಲಿರುವುದು ಎರಡನೆಯದು, ಆಧಾರಿನಲ್ಲಿರುವುದು ಮೊದಲನೆಯದು. ಟಿಕೆಟ್ ಮಾಡುವವರು ಚೀಟಿಯನ್ನು ಕಣ್ಣೆದುರು ಇಟ್ಟುಕೊಂಡೇ ಅಕ್ಷರ ತುಂಬಲಿ. ವಿದೇಶಿ ಪಾಸ್‌ಪೋರ್ಟಿನ ಮಕ್ಕಳಿದ್ದರೆ ಅವರ ಪಾಸ್‌ಪೋರ್ಟ್, ಓಸಿಐ ಕಾರ್ಡು ಎರಡೂ ಜೊತೆಗಿರಲಿ. ಹಡಗು ಬೇರೆ ದೇಶ ಮುಟ್ಟುವುದಾದರೆ ಪ್ರತಿ ಬಂದರಿನ ವೀಸಾ ಬೇರೆಬೇರೆ, ಹೊರಟ ದೇಶಕ್ಕೆ ಮತ್ತೆ ಒಳಬರುವ ಅವಕಾಶವೂ ಆ ವೀಸಾದಲ್ಲಿರಬೇಕು. ತಂದೆತಾಯಿಯನ್ನು ಅಮೆರಿಕಕ್ಕೋ ಸಿಂಗಪುರಕ್ಕೋ ಕರೆಸಿಕೊಂಡು ಹಡಗು ಹತ್ತಿಸುವವರು ಇದನ್ನು ಮೊದಲು ನೋಡಿ.

ರೈಲಿನ ಲೆಕ್ಕ ನಮ್ಮಂಥ ಒಳನಾಡಿನವರಿಗೇ ವಿಶೇಷ. ಹಡಗನ್ನು ಆರು ತಿಂಗಳ ಮೊದಲೇ ಕಾಯ್ದಿರಿಸಬಹುದು, ರೈಲನ್ನು 2024ರ ನವೆಂಬರಿನಿಂದ 60 ದಿನಕ್ಕೆ ಮೊದಲು ಆಗುವುದಿಲ್ಲ. ಕ್ಯಾಲೆಂಡರಿನಲ್ಲಿ ಆ ದಿನ ಗುರುತು ಹಾಕಿಡಿ. ಹಿರಿಯರ ಕೆಳಬರ್ತಿನ ಕೋಟಾ ಒಬ್ಬರು ಅಥವಾ ಇಬ್ಬರ ಟಿಕೆಟ್ಟಿಗೆ ಮಾತ್ರ. ಹತ್ತು ಜನರನ್ನು ಒಟ್ಟಿಗೆ ತುರುಕಿದರೆ ಅಜ್ಜಿಗೆ ಮೇಲಿನ ಬರ್ತು ಬಂದೀತು. ನಾವು ಆಯಿಗೂ ನನ್ನ ಹೆಂಡತಿಗೂ ಬೇರೆಯೇ ಟಿಕೆಟ್ ಮಾಡಿ ಎರಡೂ ಕೆಳಬರ್ತು ಪಡೆದೆವು. ಹಡಗು ಹೊರಡುವ ದಿನವೇ ಮುಂಬಯಿ ಮುಟ್ಟುವ ಸಾಹಸ ಮಾಡಬೇಡಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಒಳಬಿಡುವ ಬಾಗಿಲು ಹೊರಡುವ ಸಮಯಕ್ಕೆ ತುಂಬ ಮೊದಲೇ ಮುಚ್ಚುತ್ತದೆ. ಮುಂಬಯಿಗೇ ಮರಳುವವರು ನಾಗಪುರದ ದುರಂತೋ ಹಿಡಿಯುವುದಾದರೆ ಅದು ಹೊರಡುವುದು ನಡುರಾತ್ರಿ ದಾಟಿದ ಮೇಲೆ, ಅಂದರೆ ಟಿಕೆಟ್ಟಿನ ಮೇಲೆ ಮರುದಿನದ ತಾರೀಖು ಇರಬೇಕು.

ದರದಲ್ಲಿ ಕಾಣಿಸದ ಖರ್ಚುಗಳಿವೆ: ಬಂದರು ಶುಲ್ಕ, ಜಿಎಸ್‌ಟಿ, ಸೇವಾ ಭಕ್ಷೀಸು, ಪಾನೀಯ, ಇಂಟರ್ನೆಟ್, ದಡದ ಸುತ್ತಾಟ. ಒಳಗೆ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡಿಗೆ ಬರೆದುಕೊಳ್ಳುತ್ತಾರೆ. ಮಕ್ಕಳ ಕಾರ್ಡಿನಲ್ಲಿ ಖರೀದಿ ಬಂದ್ ಮಾಡಿಸಬಹುದು. ತಮ್ಮ ಹತ್ತಿದ ಕೂಡಲೇ ಮಾಡಿಸಿದ ಕೆಲಸ ಅದು. ದಡ ಮರೆಯಾದ ಮೇಲೆ ಮೊಬೈಲು ಹಡಗಿನದೇ ಉಪಗ್ರಹ ಜಾಲಕ್ಕೆ ಹೋಗಿ ಕೂತುಬಿಡುತ್ತದೆ, ದರ ಕೇಳಿದರೆ ಎದೆ ಒಡೆಯುತ್ತದೆ. ಫ್ಲೈಟ್ ಮೋಡಿನಲ್ಲಿಡಿ.

ಹತ್ತಿದ ಮೇಲೆ ಎಲ್ಲರನ್ನೂ ಒಂದು ಕಡೆ ಸೇರಿಸಿ ಜೀವರಕ್ಷಕ ಅಂಗಿಯ ಪಾಠ ಮಾಡುತ್ತಾರೆ. ಇಟಲಿಯ ಕರಾವಳಿಯಲ್ಲಿ 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿದ ಮೇಲೆ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ಪಾಠ ಆಗಲೇಬೇಕೆಂಬ ನಿಯಮ ಬಿಗಿಯಾಯಿತು. ಅನೇಕರು ಫೋಟೋ ತೆಗೆಯುತ್ತ ನಿಂತಿದ್ದರು. ಆಯಿ ಮಾತ್ರ ಮೊದಲ ಸಾಲಿನಲ್ಲಿ ಕೂತು ಪಟ್ಟಿ ಎಲ್ಲಿ ಕಟ್ಟಬೇಕೆಂದು ಎರಡು ಸಲ ಕೇಳಿ ತಿಳಿದುಕೊಂಡಳು.

ಮುರಗಾಂವಿನಲ್ಲಿ ಇಳಿದಾಗ ತಮ್ಮ ಗೊತ್ತುಮಾಡಿದ್ದ ಟಿ.ಟಿ. ಹುಬ್ಬಳ್ಳಿಯಿಂದ ಬಂದು ನಿಂತಿತ್ತು. ಮಡಗಾಂವ್, ಕಾರವಾರ, ಅಂಕೋಲೆ, ಯಲ್ಲಾಪುರದ ಘಾಟಿ ಎಂದು ದಾರಿ ಅವನೇ ಹಾಕಿದ್ದ. ಅನಮೋಡ ಘಾಟಿಯ ದಾರಿ ಹತ್ತಿರವಾಗುತ್ತಿತ್ತು, ಆದರೆ ಅದರಲ್ಲಿ ಅಂಕೋಲೆ ಬರುವುದಿಲ್ಲ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದಿದೆ, ಅಲ್ಲಿ ವಾಹನ ಸಾಲುಗಟ್ಟಬಹುದೆಂದು ಒಂದು ತಾಸು ಹೆಚ್ಚಿಗೆ ಹಿಡಿದಿದ್ದ. ಅಂಕೋಲೆಯ ಖಾನಾವಳಿಯಲ್ಲಿ ಹತ್ತು ಜನರಿಗೆ ಬಂಗಡೆ ಸಾರು, ಅನ್ನ, ಸೋಲಕಡಿ. ಹಡಗಿನ ಊಟದಲ್ಲಿ ಇಪ್ಪತ್ತು ಬಗೆ ಇದ್ದರೂ ಇದಿರಲಿಲ್ಲ. ತಂಗಿ ಪರ್ಸಿಗೆ ಕೈಹಾಕಿದಳು. ತಮ್ಮ, ‘ಏ, ಇದು ನನ್ನ ಹಡಗ’ ಅಂದ.

ಹುಬ್ಬಳ್ಳಿಯಲ್ಲಿ ಎರಡು ದಿನವಿದ್ದು ಪುಣೆಯ ಮೇಲೆ ನಾಗಪುರಕ್ಕೆ ಮರಳಿದೆವು, ಪುಣೆಯಿಂದ ರೈಲು ಧಾರಾಳ. ತಂಗಿ ಈಗ ಮತ್ತೆ ಲಕ್ಷದ್ವೀಪದ ಫೋಟೋ ಕಳಿಸುತ್ತಿದ್ದಾಳೆ. ಅಲ್ಲಿ ದೋಣಿಗೆ ಹೇಗೆ ಇಳಿಸುತ್ತಾರೆ ಎಂಬ ವಿಡಿಯೊ ಇದ್ದರೆ ತೋರಿಸಲಿಕ್ಕೆ ಹೇಳು ಎಂದು ಆಯಿ ಹೇಳಿದ್ದಾಳೆ.